ಹಡಗಿನಲ್ಲಿರುವಾಗಲೇ ಮುಂದಿನ ಯಾನಕ್ಕೆ ಮುಂಗಡ: ಕೊಡುವುದೇನು, ಸಿಗುವುದೇನು

ಕ್ರೂಸ್ ಪ್ರವಾಸದಲ್ಲಿ ಯಾವ ಬಂದರನ್ನೂ ಮುಟ್ಟದೆ ಬೆಳಗಿನಿಂದ ಸಂಜೆಯವರೆಗೆ ಹಡಗು ಕಡಲಲ್ಲೇ ಸಾಗುವ ಒಂದು ದಿನವಾದರೂ ಸಾಮಾನ್ಯವಾಗಿ ಇರುತ್ತದೆ. ಸಿಂಗಪುರದಿಂದ ಹೊರಟು ಪೆನಾಂಗ್ ಮತ್ತು ಫುಕೆಟ್ ನೋಡಿಕೊಂಡು ಮರಳುವ ಯಾನದಲ್ಲಿ, ಅಂಥದೊಂದು ದಿನ ತಿಂಡಿ ಮುಗಿಸಿ ನಾನೂ ನನ್ನ ಪತ್ನಿಯೂ ಕ್ಯಾಬಿನ್ನಿಗೆ ಬಂದಾಗ ಮಂಚದ ಮೇಲೆ ಒಂದು ಚೀಟಿ ಇತ್ತು. ಮುಂದಿನ ಯಾನವನ್ನು ಈಗಲೇ ಕಾಯ್ದಿರಿಸಿದರೆ ಮುಂಗಡ ಕಡಿಮೆ, ಹಡಗಿನಲ್ಲಿ ಖರ್ಚು ಮಾಡಲು ಒಂದಿಷ್ಟು ಡಾಲರ್ ಉಚಿತ, ಇಳಿದ ಮೇಲೆ ಈ ಸೌಲಭ್ಯ ಇಲ್ಲ ಎಂದು ಅದರಲ್ಲಿ ಬರೆದಿತ್ತು. ಹಾಗೆ ಕಾಯ್ದಿರಿಸಲೆಂದು ಕೆಳಗಿನ ಅಂತಸ್ತಿನಲ್ಲಿ ಇಟ್ಟಿದ್ದ ಮೇಜಿನ ಬಳಿಗೆ ಹೋದರೆ ಹನ್ನೊಂದು ಗಂಟೆಗೇ ಸಾಲು ಬೆಳೆದಿತ್ತು. ನಮ್ಮ ಮುಂದೆ ನಿಂತಿದ್ದ ಮೈಸೂರಿನ ಹಿರಿಯರೊಬ್ಬರು ಹಿಂತಿರುಗಿ, ‘ಇಲ್ಲಿ ಕೊಟ್ಟ ದುಡ್ಡು ವಾಪಸು ಬರುತ್ತದೆಯೇ, ನಿಮಗೇನಾದರೂ ಗೊತ್ತೇ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರ ಪ್ರಶ್ನೆಗೆ ಆಗ ಕೊಡಲಾಗದಿದ್ದ ಉತ್ತರವನ್ನು ಈಗ ವಿವರವಾಗಿ ಬರೆಯುತ್ತಿದ್ದೇನೆ.

ಈ ಪ್ರಶ್ನೆ ನಮ್ಮವರಿಗೆ ಎದುರಾಗುತ್ತಿರುವುದು ಇತ್ತೀಚಿನ ವರ್ಷಗಳಲ್ಲಿ. ಕಾರ್ಡೆಲಿಯಾ ಕ್ರೂಸಸ್ 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಯಾನ ಆರಂಭಿಸಿದ ಮೇಲೆ ಗೋವಾ, ಲಕ್ಷದ್ವೀಪ, ಕೊಚ್ಚಿಗಳಿಗೆ ಹಡಗಿನಲ್ಲಿ ಹೋಗಿಬರುವುದು ಮಧ್ಯಮ ವರ್ಗದ ಕುಟುಂಬಗಳ ಕೈಗೆಟುಕಿತು. ಸಿಂಗಪುರದ ಯಾನಗಳಲ್ಲಿ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಕಾಣುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಊರಿನಿಂದ ಬಂದ ತಂದೆತಾಯಿಯನ್ನು ಅಲಾಸ್ಕಕ್ಕೋ ಬಹಾಮಾಸ್‌ಗೋ ಕರೆದೊಯ್ಯುವುದು ಈಗ ವಾಡಿಕೆಯಾಗಿದೆ. ಜಗತ್ತಿನಾದ್ಯಂತ 2019ರಲ್ಲಿ 2.97 ಕೋಟಿ ಜನ ಕ್ರೂಸ್ ಪ್ರವಾಸ ಮಾಡಿದ್ದರೆ 2024ರಲ್ಲಿ ಆ ಸಂಖ್ಯೆ 3.46 ಕೋಟಿಗೆ ಏರಿತು ಎಂದು ಈ ಉದ್ಯಮದ ಅಂತರರಾಷ್ಟ್ರೀಯ ಸಂಘಟನೆಯ ಲೆಕ್ಕ ಹೇಳುತ್ತದೆ. ಭಾರತ ಸರ್ಕಾರವೂ 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿ, 2029ರ ಹೊತ್ತಿಗೆ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇಟ್ಟುಕೊಂಡಿದೆ.

ಆ ಮೇಜಿನಲ್ಲಿ ಮಾರುವುದು ಎರಡು ಬೇರೆ ಬೇರೆ ಸರಕು

ದೊಡ್ಡ ಕಂಪನಿಗಳ ಹಡಗುಗಳಲ್ಲೆಲ್ಲ ಇಂಥ ಮೇಜು ಇರುತ್ತದೆ. ರಾಯಲ್ ಕೆರಿಬಿಯನ್ ಇದನ್ನು ‘ನೆಕ್ಸ್ಟ್ ಕ್ರೂಸ್’ ಎನ್ನುತ್ತದೆ, ನಾರ್ವೇಜಿಯನ್ ‘ಕ್ರೂಸ್ ನೆಕ್ಸ್ಟ್’ ಎನ್ನುತ್ತದೆ, ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕ ಕಂಪನಿಗಳು ‘ಫ್ಯೂಚರ್ ಕ್ರೂಸ್’ ಎನ್ನುತ್ತವೆ. ಹೆಸರು ಏನೇ ಇರಲಿ, ಅಲ್ಲಿ ಕುಳಿತವರು ನಮಗೆ ಮಾರುವುದು ಎರಡರಲ್ಲೊಂದು.

ಒಂದನೆಯದು ನಿರ್ದಿಷ್ಟ ಯಾನದ ಬುಕಿಂಗ್. ಯಾವ ಹಡಗು, ಯಾವ ದಿನಾಂಕ, ಯಾವ ದರ್ಜೆಯ ಕ್ಯಾಬಿನ್ ಎಂಬುದೆಲ್ಲ ಅಲ್ಲೇ ತೀರ್ಮಾನವಾಗಿ, ಅದಕ್ಕೆ ಮುಂಗಡ ಕಟ್ಟಿ ಬರುತ್ತೇವೆ. ಎರಡನೆಯದು ದಿನಾಂಕವಿಲ್ಲದ ಮುಂಗಡ. ಯಾವ ಯಾನವೆಂದು ಹೇಳದೆ, ಮುಂದೆ ಎಂದಾದರೂ ಇದೇ ಕಂಪನಿಯ ಹಡಗಿನಲ್ಲಿ ಹೋಗುತ್ತೇವೆಂಬ ಲೆಕ್ಕದಲ್ಲಿ ಒಂದು ಸಣ್ಣ ಮೊತ್ತವನ್ನು ಜಮಾ ಮಾಡುವುದು. ಪ್ರಿನ್ಸೆಸ್ ಕಂಪನಿಯಲ್ಲಿ ಇದು ಒಬ್ಬರಿಗೆ 100 ಡಾಲರ್. ಡಿಸ್ನಿ ಹಡಗುಗಳಲ್ಲಿ ‘ಪ್ಲೇಸ್‌ಹೋಲ್ಡರ್’ ಎಂಬ ಹೆಸರಿನಲ್ಲಿ ಒಂದು ಕ್ಯಾಬಿನ್ನಿಗೆ 250 ಡಾಲರ್.

ಮದುವೆಯ ಛತ್ರ ನೋಡಲು ಹೋದವರಿಗೆ ಈ ವ್ಯತ್ಯಾಸ ಸುಲಭವಾಗಿ ಅರ್ಥವಾಗುತ್ತದೆ. ಮುಹೂರ್ತ ಗೊತ್ತಾದ ಮೇಲೆ ಮೇ ತಿಂಗಳ ಇಂಥ ದಿನಕ್ಕೆಂದು ಅಡ್ವಾನ್ಸ್ ಕೊಡುವುದು ಒಂದು ಬಗೆ. ಆ ದಿನ ಬದಲಾದರೆ ಹಣದ ಗತಿ ಏನೆಂಬುದು ಛತ್ರದ ನಿಯಮಕ್ಕೆ ಬಿಟ್ಟದ್ದು. ಹುಡುಗಿಗೆ ಇನ್ನೂ ಗಂಡು ಗೊತ್ತಾಗಿಲ್ಲ, ಆದರೂ ಈ ಛತ್ರ ಚೆನ್ನಾಗಿದೆ, ಎರಡು ವರ್ಷದೊಳಗೆ ಎಂದಾದರೂ ಬಳಸಿಕೊಳ್ಳುತ್ತೇವೆ ಎಂದು ಸ್ವಲ್ಪ ಹಣ ಇಟ್ಟು ಹೋಗುವುದು ಇನ್ನೊಂದು ಬಗೆ. ಛತ್ರದವರು ಎರಡನೆಯದಕ್ಕೆ ಒಪ್ಪುವುದು ಅಪರೂಪ. ಹಡಗಿನವರು ಸಂತೋಷದಿಂದ ಒಪ್ಪುತ್ತಾರೆ. ಅನೇಕರು ಮೇಜಿನಿಂದ ಎದ್ದು ಬಂದ ಮೇಲೂ ತಾವು ಕೊಂಡದ್ದು ಇವೆರಡರಲ್ಲಿ ಯಾವುದೆಂದು ಸ್ಪಷ್ಟವಾಗಿ ಹೇಳಲಾರರು. ಆದ್ದರಿಂದ ಅಲ್ಲಿ ಕುಳಿತ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ ಇದು.

ದರ ಕಡಿಮೆಯಾಗುವುದಿಲ್ಲ, ಜೊತೆಗೆ ಏನೋ ಒಂದು ಸೇರುತ್ತದೆ

ಹಡಗಿನಲ್ಲಿ ಬುಕ್ ಮಾಡಿದರೆ ಟಿಕೆಟ್ ಅಗ್ಗ ಎಂಬುದು ಬಹುಜನರ ನಂಬಿಕೆ. ಸಾಮಾನ್ಯವಾಗಿ ಹಾಗಿಲ್ಲ. ಮೇಜಿನಲ್ಲಿರುವವರ ಕಂಪ್ಯೂಟರಿನಲ್ಲಿ ಕಾಣುವ ಮೂಲ ದರವೂ ಅದೇ ದಿನ ಕಂಪನಿಯ ಜಾಲತಾಣದಲ್ಲಿ ಕಾಣುವ ದರವೂ ಬಹುಮಟ್ಟಿಗೆ ಒಂದೇ. ಹಡಗಿನಲ್ಲಿ ಕೊಂಡವರಿಗೆ ಸಿಗುವುದು ಆ ದರದ ಜೊತೆಗೆ ಬರುವ ಸೌಲಭ್ಯ: ಮುಂಗಡದ ಮೊತ್ತ ಕಡಿಮೆ, ಅಥವಾ ಹಡಗಿನಲ್ಲಿ ಖರ್ಚು ಮಾಡಲು ಕೊಡುವ ಆನ್‌ಬೋರ್ಡ್ ಕ್ರೆಡಿಟ್, ಅಥವಾ ಎರಡೂ. ಡಿಸ್ನಿಯಂತೆ ನೇರವಾಗಿ ದರದಲ್ಲೇ 10 ಪ್ರತಿಶತ ಇಳಿಸುವವರು ಕಡಿಮೆ. ಅಲ್ಲಿಯೂ ಬಳಸಿಕೊಳ್ಳಲು ಗಡುವು ಇದೆ, ಕೆಲವು ಯಾನಗಳಿಗೆ ರಿಯಾಯಿತಿ ಅನ್ವಯಿಸುವುದಿಲ್ಲ.

ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋಗುವ ಮತ್ತು ಬರುವ ಟಿಕೆಟನ್ನು ಒಟ್ಟಿಗೆ ಕಾಯ್ದಿರಿಸಿದರೆ ಬರುವ ಟಿಕೆಟಿನ ಮೇಲೆ 10 ಪ್ರತಿಶತ ರಿಯಾಯಿತಿ ಸಿಗುವುದನ್ನು ನೋಡಿದ್ದೇವೆ. ಅಲ್ಲಿ ರಿಯಾಯಿತಿ ನೇರ ಹಣದ ರೂಪದಲ್ಲಿದೆ, ಜೇಬಿನಿಂದ ಹೋಗುವ ಮೊತ್ತವೇ ಕಡಿಮೆಯಾಗುತ್ತದೆ. ಆನ್‌ಬೋರ್ಡ್ ಕ್ರೆಡಿಟ್ ಆ ಜಾತಿಯದಲ್ಲ. ಸೀರೆಯಂಗಡಿಯಲ್ಲಿ ಹತ್ತು ಸಾವಿರದ ಬಟ್ಟೆ ಕೊಂಡವರಿಗೆ ಐದುನೂರು ರೂಪಾಯಿಯ ಕೂಪನ್ ಕೊಟ್ಟು, ಮುಂದಿನ ಸಲ ಬಂದಾಗ ಬಳಸಿ ಎನ್ನುತ್ತಾರಲ್ಲ, ಇದು ಆ ಬಗೆಯದು. ಹಡಗಿನೊಳಗಿನ ಖರ್ಚಿಗೆ ಮಾತ್ರ ಅದು ಹಣ: ವಿಶೇಷ ಹೋಟೆಲಿನ ಊಟ, ವೈಫೈ, ಬಂದರಿನಲ್ಲಿ ಊರು ಸುತ್ತಿಸುವ ಬಸ್ಸು, ಸಿಬ್ಬಂದಿಯ ಟಿಪ್ಸ್. ಉಳಿದದ್ದು ಬಹಳಷ್ಟು ಸಂದರ್ಭಗಳಲ್ಲಿ ನಗದಾಗಿ ಕೈಗೆ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಅದರ ಗಾತ್ರ ತಿಳಿಯುತ್ತದೆ. ಇಬ್ಬರ ಏಳು ರಾತ್ರಿಯ ಯಾನಕ್ಕೆ 4,000 ಡಾಲರ್ ದರ, 400 ಡಾಲರ್ ಬಂದರು ಶುಲ್ಕ ಮತ್ತು ತೆರಿಗೆ ಇದೆಯೆಂದು ಭಾವಿಸೋಣ. ದರದ ಮೇಲೆ 10 ಪ್ರತಿಶತ ಇಳಿದರೆ 400 ಡಾಲರ್ ಉಳಿಯುತ್ತದೆ. ಶುಲ್ಕ ಮತ್ತು ತೆರಿಗೆಯ ಮೇಲೆ ರಿಯಾಯಿತಿ ಇರುವುದಿಲ್ಲ. ಅದರ ಬದಲು 100 ಡಾಲರ್‌ನ ಆನ್‌ಬೋರ್ಡ್ ಕ್ರೆಡಿಟ್ ಕೊಟ್ಟರೆ ಅದು ದರದ ಎರಡೂವರೆ ಪ್ರತಿಶತ ಮಾತ್ರ. ರಾಯಲ್ ಕೆರಿಬಿಯನ್ 2023ರ ನವೆಂಬರ್‌ನಲ್ಲಿ ಸಾಮಾನ್ಯ ಕ್ಯಾಬಿನ್ನಿನವರಿಗೆ ನಿಗದಿಪಡಿಸಿದ ಟಿಪ್ಸ್ ದಿನಕ್ಕೆ ಒಬ್ಬರಿಗೆ 18 ಡಾಲರ್ ಇತ್ತು; ಆ ಲೆಕ್ಕದಲ್ಲಿ ಇಬ್ಬರಿಗೆ ಏಳು ದಿನಕ್ಕೆ 252 ಡಾಲರ್ ಆಗುತ್ತದೆ. ನೂರು ಡಾಲರ್ ಉಡುಗೊರೆ ಅಲ್ಲಿ ಮೂರನೆಯ ದಿನಕ್ಕೇ ಕರಗಿಹೋಗುತ್ತದೆ. ಹಾಗೆಂದು ಅದು ನಿಷ್ಪ್ರಯೋಜಕವಲ್ಲ. ಹೇಗೂ ಕೊಡಲೇಬೇಕಾದ ಟಿಪ್ಸ್‌ಗೆ ಅದು ಸಂದಾಯವಾದರೆ ನಿಜವಾದ ಉಳಿತಾಯವೇ. ಆದರೆ ಆ ನೂರು ಡಾಲರಿಗಾಗಿ ಬೇಡದ ಯಾನವನ್ನು ಒಪ್ಪಿಕೊಳ್ಳುವುದು ಸರಿಯಲ್ಲ.

ಊರಿನಲ್ಲಿರುವ ಟ್ರಾವೆಲ್ ಏಜೆಂಟರೂ ತಮ್ಮ ಕಮಿಷನ್ನಿನಲ್ಲಿ ಒಂದು ಪಾಲನ್ನು ಗ್ರಾಹಕರಿಗೆ ಬಿಟ್ಟುಕೊಡುವುದುಂಟು ಎಂಬುದನ್ನು ಇಲ್ಲಿ ಮರೆಯಬಾರದು. ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳನ್ನು ಕ್ರೂಸ್ ಉದ್ಯಮದವರು ‘ವೇವ್ ಸೀಸನ್’ ಎನ್ನುತ್ತಾರೆ. ವರ್ಷದ ದೊಡ್ಡ ಕೊಡುಗೆಗಳು ಪ್ರಕಟವಾಗುವುದು ಆ ಕಾಲದಲ್ಲಿ, ಮತ್ತೆ ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಹೊತ್ತಿನಲ್ಲಿ. ಹಡಗಿನ ಚೀಟಿಯಲ್ಲಿರುವ ಕೊಡುಗೆಯನ್ನು ಹೋಲಿಸಬೇಕಾದದ್ದು ಬರಿಯ ಜಾಲತಾಣದ ದರದ ಜೊತೆಗಲ್ಲ, ಇವೆಲ್ಲದರ ಜೊತೆಗೆ.

ಕೊಟ್ಟ ಹಣ ವಾಪಸು ಬರುತ್ತದೆಯೇ

ಮೈಸೂರಿನ ಹಿರಿಯರು ಕೇಳಿದ್ದು ಇದನ್ನೇ, ಮತ್ತು ಇಡೀ ವಿಷಯದಲ್ಲಿ ಹೆಚ್ಚು ಗಮನ ಬೇಕಾದದ್ದು ಇಲ್ಲಿಯೇ. ಒಂದೇ ಮಾತಿನ ಉತ್ತರವಿಲ್ಲ. ಹಣ ಮರಳುವ ಮುಂಗಡ, ಮರಳದ ಮುಂಗಡ ಎಂದು ಎರಡು ವಿಧಗಳಿವೆ. ಒಂದೇ ಕ್ಯಾಬಿನ್ನಿಗೆ ಒಂದೇ ಕಂಪನಿ ಎರಡನ್ನೂ ಬೇರೆ ಬೇರೆ ದರದಲ್ಲಿ ಮಾರುವುದೂ ಇದೆ. ಮರಳದ ಮುಂಗಡದ ದರ ಸ್ವಲ್ಪ ಕಡಿಮೆ ಇರುವುದರಿಂದ ಪರದೆಯ ಮೇಲೆ ಮೊದಲು ಕಾಣುವುದು ಅದೇ.

ಡಿಸ್ನಿಯ ಪ್ಲೇಸ್‌ಹೋಲ್ಡರ್ ಬಳಸದಿದ್ದರೆ ಹಣ ಮರಳುತ್ತದೆ. ನಾರ್ವೇಜಿಯನ್‌ನ ಕ್ರೂಸ್ ನೆಕ್ಸ್ಟ್ ಪ್ರಮಾಣಪತ್ರ ಹಾಗಲ್ಲ. ಕೊಂಡ ಮೇಲೆ ಅದು ಮುಂದಿನ ಯಾನದ ಲೆಕ್ಕಕ್ಕೆ ಸೇರಬೇಕೇ ಹೊರತು ನಗದಾಗಿ ಹಿಂತಿರುಗುವುದಿಲ್ಲ. ರಾಯಲ್ ಕೆರಿಬಿಯನ್‌ನ ಮರಳದ ಮುಂಗಡದಲ್ಲಿ ಬುಕ್ ಮಾಡಿ ಆಮೇಲೆ ಹಡಗನ್ನೋ ದಿನಾಂಕವನ್ನೋ ಬದಲಿಸಿದರೆ ತಲಾ 100 ಡಾಲರ್ ಬದಲಾವಣೆ ಶುಲ್ಕ ಬೀಳುತ್ತದೆ. ನಾಲ್ವರ ಕುಟುಂಬಕ್ಕೆ 400 ಡಾಲರ್; ಹಡಗಿನಲ್ಲಿ ಸಿಕ್ಕಿದ ಉಡುಗೊರೆಗಿಂತ ಹೆಚ್ಚಿನ ಮೊತ್ತ ಒಂದೇ ಬದಲಾವಣೆಗೆ ಹೋಗುತ್ತದೆ.

ಮುಂಗಡದ ಜೊತೆಗೆ ನೋಡಬೇಕಾದ ಇನ್ನೊಂದು ದಿನಾಂಕ ಪೂರ್ಣ ಪಾವತಿಯದು. ಯಾನಕ್ಕೆ ಇಷ್ಟು ದಿನ ಮೊದಲು ಬಾಕಿ ಹಣವನ್ನೆಲ್ಲ ಕಟ್ಟಿ ಮುಗಿಸಬೇಕೆಂಬ ಗಡುವು ಅದು. ಅಮೆರಿಕದಲ್ಲಿ ಮಾಡಿದ ಬುಕಿಂಗ್‌ಗಳಿಗೆ ರಾಯಲ್ ಕೆರಿಬಿಯನ್ ನಾಲ್ಕು ರಾತ್ರಿಯವರೆಗಿನ ಯಾನಕ್ಕೆ 75 ದಿನ, ಅದಕ್ಕಿಂತ ದೊಡ್ಡ ಯಾನಕ್ಕೆ 90 ದಿನ ಎಂದು ಇಟ್ಟಿದೆ. ಬಹಳ ಉದ್ದದ ಯಾನಗಳಿಗೆ ಇನ್ನೂ ಮೊದಲೇ ಕಟ್ಟಬೇಕು. ಈ ದಿನಾಂಕದವರೆಗೆ ರದ್ದು ಮಾಡಿದರೆ ಹೋಗುವುದು ಹೆಚ್ಚೆಂದರೆ ಮುಂಗಡ. ಅದು ದಾಟಿದ ಮೇಲೆ ರದ್ದತಿಯ ದಂಡ ಮೆಟ್ಟಿಲು ಮೆಟ್ಟಿಲಾಗಿ ಏರಿ, ಕೊನೆಯ ದಿನಗಳಲ್ಲಿ ಪೂರ್ತಿ ದರವೇ ಮುಳುಗುತ್ತದೆ. ಇದೇ ದಿನಾಂಕದವರೆಗೆ ನಮ್ಮ ಪರವಾದ ಒಂದು ಅವಕಾಶವೂ ಇದೆ: ಬುಕ್ ಮಾಡಿದ ಮೇಲೆ ಅದೇ ಯಾನದ, ಅದೇ ದರ್ಜೆಯ ಕ್ಯಾಬಿನ್ನಿನ ದರ ಇಳಿದರೆ, ಹೊಸ ದರಕ್ಕೆ ಇಳಿಸಿಕೊಡಿ ಎಂದು ಕೇಳಬಹುದು. ತಾನಾಗಿಯೇ ಯಾರೂ ಇಳಿಸುವುದಿಲ್ಲ, ಕೇಳಬೇಕು. ಹಾಗೆ ಇಳಿಸುವಾಗ ಹಡಗಿನಲ್ಲಿ ಸಿಕ್ಕಿದ್ದ ಕ್ರೆಡಿಟ್ ಉಳಿಯುತ್ತದೆಯೇ ಎಂಬುದನ್ನೂ ಕೇಳಿಕೊಂಡೇ ಒಪ್ಪಬೇಕು.

‘ಫ್ಯೂಚರ್ ಕ್ರೂಸ್ ಕ್ರೆಡಿಟ್’ ಎಂಬ ಇನ್ನೊಂದು ಮಾತು ಇಲ್ಲಿ ಗೊಂದಲ ಹುಟ್ಟಿಸುತ್ತದೆ. ಅದು ನಾವು ಕೊಟ್ಟ ಮುಂಗಡವಲ್ಲ. ಯಾನ ರದ್ದಾದಾಗ ಕಂಪನಿ ನಗದಿನ ಬದಲು ಕೊಡುವ ಚೀಟಿ. 2020ರಲ್ಲಿ ಕೋವಿಡ್‌ನಿಂದ ಹಡಗುಗಳು ನಿಂತಾಗ ಹಲವು ಕಂಪನಿಗಳು ನಗದು ಬೇಡವೆಂದವರಿಗೆ ಕಟ್ಟಿದ ಹಣದ 125 ಪ್ರತಿಶತದಷ್ಟು ಇಂಥ ಕ್ರೆಡಿಟ್ ಕೊಟ್ಟವು.

ಮುಂಗಡ ಎಂದರೆ ಕಂಪನಿಯ ಆಯುಷ್ಯದ ಮೇಲೆ ಇಟ್ಟ ನಂಬಿಕೆಯೂ ಹೌದು. ಜಲೇಶ್ ಕ್ರೂಸಸ್ 2019ರ ಏಪ್ರಿಲ್‌ನಲ್ಲಿ ‘ಕರ್ಣಿಕಾ’ ಎಂಬ ಹಡಗಿನೊಂದಿಗೆ ಮುಂಬೈಯಿಂದ ಯಾನ ಆರಂಭಿಸಿ, 2020ರಲ್ಲಿ ಬಾಗಿಲು ಮುಚ್ಚಿತು. ಆ ಹಡಗು ಗುಜರಾತಿನ ಅಲಂಗ್ ತೀರದಲ್ಲಿ ಗುಜರಿಗೆ ಹೋಯಿತು. ಭಾರತೀಯರಿಗೆ ಪರಿಚಿತವಾಗಿದ್ದ ಡ್ರೀಮ್ ಕ್ರೂಸಸ್‌ನ ಮಾತೃಸಂಸ್ಥೆ ಗೆಂಟಿಂಗ್ ಹಾಂಗ್‌ಕಾಂಗ್ 2022ರ ಜನವರಿಯಲ್ಲಿ ದಿವಾಳಿಯ ಹಾದಿ ಹಿಡಿಯಿತು. ಅದರ ‘ಗೆಂಟಿಂಗ್ ಡ್ರೀಮ್’ ಹಡಗು ಅದೇ ವರ್ಷದ ಜೂನ್‌ನಲ್ಲಿ ಸಿಂಗಪುರದಿಂದ ಮತ್ತೆ ಹೊರಟಿತಾದರೂ ಆಗ ನಡೆಸುತ್ತಿದ್ದುದು ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಎಂಬ ಬೇರೆ ಕಂಪನಿ. ಹಡಗು ಅದೇ ಇದ್ದರೂ ಹಳೆಯ ಕಂಪನಿಯ ಬಳಿ ಇದ್ದ ಹಣಕ್ಕೆ ಹೊಸ ಕಂಪನಿ ತಾನಾಗಿ ಹೊಣೆಯಾಗುವುದಿಲ್ಲ. ಎರಡು ವರ್ಷ ಮುಂಚೆ ದೊಡ್ಡ ಮೊತ್ತ ಕಟ್ಟುವುದಕ್ಕಿಂತ, ಕಟ್ಟಲೇಬೇಕಾದಷ್ಟನ್ನು ಮಾತ್ರ ಕಟ್ಟುವುದು ಲೇಸೆಂದು ನಾನು ಹೇಳುವುದು ಇದಕ್ಕಾಗಿಯೇ.

ಕಂಪನಿಗೇಕೆ ಈ ಆತುರ

ಹೊಸ ಗ್ರಾಹಕರನ್ನು ಹುಡುಕಲು ಜಾಹೀರಾತಿನ ಖರ್ಚಿದೆ. ಹಡಗಿನಲ್ಲಿರುವವರು ಆಗಲೇ ಬಂದವರು, ಸಂತೋಷದಲ್ಲಿರುವವರು. ಅವರನ್ನು ಕೆಲವು ಡಾಲರ್‌ಗಳ ಉಡುಗೊರೆಯಿಂದ ಮತ್ತೊಮ್ಮೆ ಬರುವಂತೆ ಮಾಡುವುದು ಅಗ್ಗದ ವ್ಯಾಪಾರ. ಒಂದೂವರೆ ಎರಡು ವರ್ಷ ಮುಂಚೆಯೇ ಕ್ಯಾಬಿನ್ನುಗಳು ತುಂಬತೊಡಗಿದರೆ ಉಳಿದವುಗಳ ದರವನ್ನು ಏರಿಸಬಹುದೋ ಇಳಿಸಬೇಕೋ ಎಂಬುದೂ ಅವರಿಗೆ ಬೇಗ ತಿಳಿಯುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಹಡಗಿನಲ್ಲಿ ಇಂಟರ್ನೆಟ್ ದುಬಾರಿಯಾದ್ದರಿಂದ ಬೇರೆಡೆಯ ದರ ಹೋಲಿಸುವುದು ಕಷ್ಟ, ಸಂಬಳ, ಶಾಲೆ, ಆಸ್ಪತ್ರೆಗಳ ಚಿಂತೆ ಆ ಹೊತ್ತು ದೂರ, ಮತ್ತು ಕೊಡುಗೆ ನಾಳೆಗೆ ಮುಗಿಯುತ್ತದೆ ಎಂಬ ಅವಸರ ಬೇರೆ. ಈ ಮೂರೂ ಒಟ್ಟಿಗೆ ಕೂಡುವ ಜಾಗ ಅದು ಎಂಬುದನ್ನು ತಿಳಿದು ಹೋಗಬೇಕು.

ಡಾಲರಿನಲ್ಲಿ ನಿಂತ ದರ ರೂಪಾಯಿಯಲ್ಲಿ ನಿಲ್ಲುವುದಿಲ್ಲ

ಊರಿನಿಂದ ಹೋಗುವವರ ಲೆಕ್ಕವನ್ನು ಹೆಚ್ಚು ಏರುಪೇರು ಮಾಡುವ ವಿಷಯ ಇದು. ಇಂದು ಬುಕ್ ಮಾಡಿದರೆ ಇಂದಿನ ದರಕ್ಕೆ ಬೀಗ ಬಿದ್ದಂತೆ ಎಂದು ಮೇಜಿನಲ್ಲಿರುವವರು ಹೇಳುವುದು ಡಾಲರಿನ ಮಟ್ಟಿಗೆ ನಿಜ. ಆದರೆ ನಾವು ದುಡಿಯುವುದು ರೂಪಾಯಿಯಲ್ಲಿ, ಬಾಕಿ ಕಟ್ಟುವುದು ಒಂದು ವರ್ಷದ ಮೇಲೆ. 2022ರ ಜನವರಿಯ ಹೊತ್ತಿಗೆ ಡಾಲರಿಗೆ ಸುಮಾರು 74.50 ರೂಪಾಯಿ ಇತ್ತು; ಆ ವರ್ಷದ ಕೊನೆಗೆ ಸುಮಾರು 82.70 ಆಯಿತು. 3,000 ಡಾಲರ್ ಬಾಕಿ ಉಳಿಸಿಕೊಂಡವರಿಗೆ ವರ್ಷದ ಆರಂಭದಲ್ಲಿ 2,23,500 ರೂಪಾಯಿ ಎನಿಸಿದ್ದದ್ದು ಕೊನೆಯಲ್ಲಿ 2,48,100 ರೂಪಾಯಿ ಆಗಿರುತ್ತಿತ್ತು. ಏರಿದ್ದು 24,600 ರೂಪಾಯಿ, ಅಂದರೆ ಸುಮಾರು 11 ಪ್ರತಿಶತ. ಹತ್ತು ಪ್ರತಿಶತದ ಒಳ್ಳೆಯ ರಿಯಾಯಿತಿಯನ್ನೂ ಅದು ನುಂಗುತ್ತದೆ. ಪ್ರತಿವರ್ಷ ಹೀಗಾಗುವುದಿಲ್ಲ, ಆದರೆ ಲೆಕ್ಕ ಹಾಕುವಾಗ ರೂಪಾಯಿ ಒಂದಿಷ್ಟು ಇಳಿಯುತ್ತದೆ ಎಂದೇ ಇಟ್ಟುಕೊಳ್ಳುವುದು ಕ್ಷೇಮ.

ಇದರ ಮೇಲೆ ಬ್ಯಾಂಕಿನ ಪಾಲಿದೆ. ವಿದೇಶಿ ಕರೆನ್ಸಿಯಲ್ಲಿ ಕಾರ್ಡ್ ಉಜ್ಜಿದರೆ ಬಹಳಷ್ಟು ಬ್ಯಾಂಕುಗಳು ಎರಡರಿಂದ ಮೂರೂವರೆ ಪ್ರತಿಶತ ಶುಲ್ಕ ಹಾಕುತ್ತವೆ. ಮುಂಗಡ ಮರಳಿ ಬಂದಾಗಲೂ ಆ ದಿನದ ವಿನಿಮಯ ದರದಲ್ಲಿ ಬರುವುದರಿಂದ, ಕೊಟ್ಟ ರೂಪಾಯಿಯೂ ಬಂದ ರೂಪಾಯಿಯೂ ಒಂದೇ ಆಗಿರುವುದಿಲ್ಲ. ರಿಸರ್ವ್ ಬ್ಯಾಂಕಿನ 2020ರ ಸೂಚನೆಯ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ನಾವಾಗಿ ಚಾಲನೆ ಮಾಡಿಕೊಳ್ಳದ ಹೊರತು ನಡೆಯುವುದಿಲ್ಲ; ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಸರಿಮಾಡಿಕೊಳ್ಳಬೇಕು. ಅದೇ ಯಾನವನ್ನು ಭಾರತದ ಏಜೆಂಟರಿಂದ ವಿದೇಶ ಪ್ರವಾಸದ ಪ್ಯಾಕೇಜಾಗಿ ಕೊಂಡರೆ ಟಿಸಿಎಸ್ ಎಂಬ ತೆರಿಗೆಯನ್ನು ಮೊದಲೇ ಹಿಡಿಯುತ್ತಾರೆ. ಅದು ಕಳೆದುಹೋದ ಹಣವಲ್ಲ, ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ಆದರೂ ಅಷ್ಟು ತಿಂಗಳು ಅದು ಕೈಯಲ್ಲಿರುವುದಿಲ್ಲ.

ವೀಸಾ ಕೈಗೆ ಬರುವ ಮುನ್ನವೇ ದಿನಾಂಕ

ಅಮೆರಿಕದ ಅಥವಾ ಬ್ರಿಟನ್ನಿನ ಪಾಸ್‌ಪೋರ್ಟ್ ಇರುವವರಿಗೆ ಇಲ್ಲದ ಒಂದು ತೊಡಕು ಭಾರತೀಯ ಪಾಸ್‌ಪೋರ್ಟಿನವರಿಗಿದೆ. ಹಡಗಿನಲ್ಲಿ ಬುಕ್ ಮಾಡುವುದು ಒಂದೆರಡು ವರ್ಷದ ಆಚೆಯ ಯಾನ. ಆದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕೆ ಆರು ತಿಂಗಳಿಗಿಂತ ಹೆಚ್ಚು ಮುಂಚೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಬಾರ್ಸಿಲೋನಾದಿಂದ ಜೂನ್ 10ಕ್ಕೆ ಹೊರಡುವ ಯಾನವನ್ನು ಹಿಡಿಯೋಣ. ವೀಸಾದ ಬಾಗಿಲು ತೆರೆಯುವುದು ಡಿಸೆಂಬರ್ 10ರ ಸುಮಾರಿಗೆ. ಪೂರ್ಣ ಪಾವತಿ 90 ದಿನ ಮೊದಲು ಎಂದರೆ ಮಾರ್ಚ್ 12. ವೀಸಾ ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಪ್ರಕರಣಗಳಲ್ಲಿ 45 ದಿನದವರೆಗೆ ಹಿಡಿಯಬಹುದು. ಆದ್ದರಿಂದ ಡಿಸೆಂಬರ್ ಕೊನೆಯಲ್ಲೋ ಜನವರಿಯಲ್ಲೋ ಅರ್ಜಿ ಹಾಕಿದವರಿಗೆ ದೊಡ್ಡ ಮೊತ್ತ ಕಟ್ಟುವ ಮೊದಲೇ ಉತ್ತರ ಸಿಗುತ್ತದೆ. ಮಾರ್ಚ್‌ವರೆಗೆ ಸುಮ್ಮನಿದ್ದವರು ವೀಸಾ ಇಲ್ಲದೆಯೇ ಹಣ ಕಟ್ಟಬೇಕಾಗುತ್ತದೆ. ವೀಸಾ ಸಿಗಲಿಲ್ಲ ಎಂಬುದು ಕಂಪನಿಯ ದೃಷ್ಟಿಯಲ್ಲಿ ನಾವೇ ರದ್ದು ಮಾಡಿದಂತೆ.

ಅಲಾಸ್ಕದ ಯಾನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗುಗಳು ಕೆನಡಾದ ವಿಕ್ಟೋರಿಯಾದಂಥ ಬಂದರನ್ನು ಮುಟ್ಟಿಯೇ ಬರುತ್ತವೆ. ಬೇರೆ ದೇಶದ ಧ್ವಜದ ಹಡಗು ನಡುವೆ ಪರದೇಶದ ಬಂದರನ್ನು ಮುಟ್ಟದೆ ಅಮೆರಿಕದ ಬಂದರುಗಳ ನಡುವೆ ಮಾತ್ರ ಜನರನ್ನು ಸಾಗಿಸಬಾರದೆಂಬ 1886ರ ಅಮೆರಿಕದ ಕಾನೂನು ಇದಕ್ಕೆ ಕಾರಣ. ಮಗಳು ಹಡಗಿನಲ್ಲಿ ಕುಳಿತು ಮುಂದಿನ ಬೇಸಿಗೆಗೆ ಅಪ್ಪ ಅಮ್ಮನ ಹೆಸರನ್ನೂ ಸೇರಿಸಿ ಬುಕ್ ಮಾಡುವಾಗ, ಊರಿನಿಂದ ಬರುವ ಆ ಇಬ್ಬರಿಗೆ ಅಮೆರಿಕದ ವೀಸಾ ಜೊತೆಗೆ ಕೆನಡಾದ ವೀಸಾವೂ ಬೇಕೆಂಬುದು ನೆನಪಾಗದೆ ಹೋಗಬಹುದು.

ಅಮೆರಿಕದಲ್ಲಿ ನೆಲೆಸಿದವರು ಗಮನಿಸಬೇಕಾದ ವಿಮೆಯ ಮಾತೂ ಒಂದಿದೆ. ಅಲ್ಲಿನ ಅನೇಕ ಪ್ರವಾಸ ವಿಮೆಗಳಲ್ಲಿ ಮೊದಲೇ ಇರುವ ಕಾಯಿಲೆಗೂ ರಕ್ಷಣೆ ಬೇಕಾದರೆ, ಯಾನಕ್ಕೆ ಮೊದಲ ಮುಂಗಡ ಕಟ್ಟಿದ ಎರಡು ಮೂರು ವಾರದೊಳಗೆ ಪಾಲಿಸಿ ಕೊಳ್ಳಬೇಕು. ಹಡಗಿನಲ್ಲಿ ನಿರ್ದಿಷ್ಟ ಯಾನಕ್ಕೆ ಹಣ ಕಟ್ಟಿದ ದಿನದಿಂದಲೇ ಆ ಗಡುವು ಶುರುವಾಗುತ್ತದೆ. ಮನೆಗೆ ಬಂದು ನಿಧಾನವಾಗಿ ನೋಡೋಣ ಎಂದುಕೊಂಡವರಿಗೆ ಅದು ತಪ್ಪಿಹೋಗುತ್ತದೆ.

ಹಡಗಿನಲ್ಲಿರುವವರಿಗೆ ಮಾತ್ರ ಸಿಗುವ ಲಾಭ

ಚೀಟಿಯಲ್ಲಿ ಬರೆಯದ ಒಂದು ಲಾಭ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಕ್ರೂಸ್ ಹಡಗುಗಳನ್ನು ಒಂದೇ ನಕ್ಷೆಯಲ್ಲಿ ಮೂರು ನಾಲ್ಕು ಕಟ್ಟುತ್ತಾರೆ. ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ವರ್ಗದಲ್ಲಿ 2014ರ ‘ಕ್ವಾಂಟಮ್’, 2015ರ ‘ಆಂಥೆಮ್’, 2016ರ ‘ಒವೇಷನ್’, 2019ರ ‘ಸ್ಪೆಕ್ಟ್ರಮ್’, 2021ರ ‘ಒಡಿಸ್ಸಿ’ ಹೀಗೆ ಐದು ಇವೆ. ಒಂದರಲ್ಲಿ ಓಡಾಡಿದವರಿಗೆ ಇನ್ನೊಂದರ ವಿನ್ಯಾಸ ಬಹುಪಾಲು ಪರಿಚಿತ. ಮುಂದೆ ಹೋಗಬೇಕೆಂದಿರುವುದು ಅದೇ ವರ್ಗದ ಹಡಗಾದರೆ, ಬುಕ್ ಮಾಡುವ ಮೊದಲು ಆ ಕ್ಯಾಬಿನ್ ಇರುವ ಜಾಗಕ್ಕೆ ನಡೆದು ಹೋಗಿ ನೋಡಬಹುದು.

ನಾವು ಹಾಗೆ ಮಾಡಿದೆವು. ಮೇಜಿನಲ್ಲಿ ತೋರಿಸಿದ ಬಾಲ್ಕನಿ ಕ್ಯಾಬಿನ್ನಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಆ ಓಣಿಗೆ ಹೋಗಿ ಅದೇ ಸಂಖ್ಯೆಯ ಬಾಗಿಲ ಮುಂದೆ ನಿಂತೆವು. ತಲೆಯ ಮೇಲಿನ ಅಂತಸ್ತಿನಲ್ಲಿ ಈಜುಕೊಳವಿತ್ತು; ಸಿಬ್ಬಂದಿ ಕುರ್ಚಿಗಳನ್ನು ಎಳೆದು ಜೋಡಿಸುವ ಕರಕರ ಸದ್ದು ಓಣಿಗೇ ಕೇಳಿಸುತ್ತಿತ್ತು. ಪಕ್ಕದ ಕ್ಯಾಬಿನ್ನಿನ ಜೊತೆಗೆ ನಡುಬಾಗಿಲು ಇದೆಯೆಂದು ನಕ್ಷೆಯ ಸಣ್ಣ ಗುರುತು ಹೇಳುತ್ತಿತ್ತು. ಅಂಥ ಬಾಗಿಲಿನ ಮೂಲಕ ಮಾತು, ಟಿವಿ ಎಲ್ಲ ದಾಟಿ ಬರುತ್ತವೆ. ಎರಡು ಅಂತಸ್ತು ಕೆಳಗೆ, ಹಡಗಿನ ನಡುಭಾಗದಲ್ಲಿ, ಮೇಲೂ ಕೆಳಗೂ ಕ್ಯಾಬಿನ್ನುಗಳೇ ಇರುವ ಜಾಗ ಹುಡುಕಿದೆವು. ಅಲ್ಲಿ ಓಲಾಟವೂ ಕಡಿಮೆ, ಏಕೆಂದರೆ ಮಕ್ಕಳ ಏರಿಳಿಯಾಟದ ಹಲಗೆಯಲ್ಲಿ ತುದಿ ಏರಿಳಿದಷ್ಟು ನಡು ಏರಿಳಿಯುವುದಿಲ್ಲ. ಮನೆಯಲ್ಲಿ ಕುಳಿತು ಪರದೆ ನೋಡಿದ್ದರೆ ನಮಗೆ ಇದಾವುದೂ ತಿಳಿಯುತ್ತಿರಲಿಲ್ಲ.

ಬೇಗ ತುಂಬುವ ಕ್ಯಾಬಿನ್ನುಗಳ ವಿಷಯದಲ್ಲೂ ಮುಂಚಿತವಾಗಿ ಬುಕ್ ಮಾಡುವುದಕ್ಕೆ ಅರ್ಥವಿದೆ. ನಾಲ್ಕೈದು ಜನ ಹಿಡಿಸುವ ಕೋಣೆ, ಅಜ್ಜ ಅಜ್ಜಿಗೆ ಪಕ್ಕದಲ್ಲೇ ಬೇಕಾದ ಕೋಣೆ, ಗಾಲಿಕುರ್ಚಿ ನುಗ್ಗುವಷ್ಟು ಅಗಲದ ಬಾಗಿಲಿರುವ ಕೋಣೆ, ಇವು ಪ್ರತಿ ಹಡಗಿನಲ್ಲೂ ಕೆಲವೇ. ದಸರಾ ರಜೆ ಅಥವಾ ಡಿಸೆಂಬರ್ ರಜೆಯ ದಿನಾಂಕವನ್ನೇ ನೆಚ್ಚಿಕೊಂಡ ಮೂರು ತಲೆಮಾರಿನ ಕುಟುಂಬ ಹಡಗಿನಲ್ಲೇ ಬುಕ್ ಮಾಡಿದರೆ ನಾನು ಬೇಡವೆನ್ನುವುದಿಲ್ಲ, ಮುಂಗಡ ಮರಳುವಂಥದಾಗಿದ್ದರೆ. ದಿನಾಂಕ ಗೊತ್ತಿಲ್ಲದವರು, ಮತ್ತೆ ಹೋಗುವ ಮನಸ್ಸು ಮಾತ್ರ ಇರುವವರು, ಮರಳಿ ಬರುವ ಸಣ್ಣ ಮುಂಗಡವನ್ನಷ್ಟೇ ಇಟ್ಟು ಬರಬಹುದು. ಮರಳದ ಮುಂಗಡದಲ್ಲಿ ಎರಡು ವರ್ಷದ ಆಚೆಯ ಯಾನವನ್ನು ಕೊಳ್ಳುವುದು, ರಜೆ ಖಚಿತವಿದ್ದು, ವೀಸಾ ಕೈಯಲ್ಲಿದ್ದು, ದರವನ್ನು ಮೊದಲೇ ನೋಡಿಕೊಂಡವರಿಗೆ ಮಾತ್ರ ಸರಿಹೋಗುತ್ತದೆ.

ಏಜೆಂಟರು, ದೂರು, ನ್ಯಾಯಾಲಯ

ಈಗಿನ ಯಾನವನ್ನು ಏಜೆಂಟರ ಮೂಲಕ ಕೊಂಡವರು ಮುಂದಿನದನ್ನು ಹಡಗಿನಲ್ಲಿ ಕೊಂಡರೆ, ಆ ಬುಕಿಂಗನ್ನು ಅದೇ ಏಜೆಂಟರಿಗೆ ಒಪ್ಪಿಸಲು ಸಾಮಾನ್ಯವಾಗಿ ಅವಕಾಶವಿದೆ. ಮೇಜಿನಲ್ಲೇ ಏಜೆಂಟರ ಹೆಸರು ಹೇಳಬಹುದು, ಅಥವಾ ಇಳಿದ ಮೇಲೆ ಕಂಪನಿ ನಿಗದಿಪಡಿಸಿದ ದಿನಗಳೊಳಗೆ ವರ್ಗಾಯಿಸಬಹುದು. ಹಡಗಿನ ಕ್ರೆಡಿಟ್ಟೂ ಉಳಿದು, ಏಜೆಂಟರು ಕೊಡುವ ಸೌಲಭ್ಯವೂ ಸೇರುವ ದಾರಿ ಇದು.

ದೂರಿನ ವಿಷಯದಲ್ಲಿಯೂ ಏಜೆಂಟರಿರುವುದು ನಮ್ಮವರಿಗೆ ಅನುಕೂಲ. ಕ್ರೂಸ್ ಟಿಕೆಟಿನ ಒಪ್ಪಂದದಲ್ಲಿ ವ್ಯಾಜ್ಯವೆಲ್ಲ ಇಂಥ ಊರಿನ ನ್ಯಾಯಾಲಯದಲ್ಲೇ ನಡೆಯಬೇಕೆಂಬ ಷರತ್ತು ಇರುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಹಡಗು ಹತ್ತಿದ ವಾಷಿಂಗ್ಟನ್ ರಾಜ್ಯದ ದಂಪತಿಯ ಪ್ರಕರಣವೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ, ಫ್ಲಾರಿಡಾದಲ್ಲೇ ದಾವೆ ಹೂಡಬೇಕೆಂಬ ಇಂಥ ಷರತ್ತನ್ನು ಎತ್ತಿಹಿಡಿದಿದೆ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಾದರೋ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಮಾಡಿಕೊಟ್ಟಿದೆ. ಶಿವಮೊಗ್ಗದವರಿಗೆ ಹಣ ಪಡೆದ ಏಜೆಂಟರು ಬೆಂಗಳೂರಿನಲ್ಲಿದ್ದರೆ ಈ ಕಾಯ್ದೆಯ ಬಲ ಸುಲಭವಾಗಿ ಒದಗುತ್ತದೆ; ಕಡಲ ನಡುವೆ ವಿದೇಶಿ ಕಂಪನಿಗೆ ನೇರವಾಗಿ ಕೊಟ್ಟ ಹಣದ ಬೆನ್ನು ಹತ್ತುವುದು ಅಷ್ಟು ಸುಲಭವಲ್ಲ.

ಮೇಜಿಗೆ ಹೋಗುವ ಮೊದಲು ಮತ್ತು ಎದ್ದು ಬಂದ ಮೇಲೆ

ಮನೆ ಬಿಡುವ ಮೊದಲೇ, ಮುಂದೆ ಹೋಗಬಹುದು ಎನಿಸುವ ಎರಡು ಮೂರು ಯಾನಗಳ ಆ ದಿನದ ದರವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಹೋದರೆ ಹಡಗಿನಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ಹೋಲಿಸಲು ಆಧಾರ ಸಿಗುತ್ತದೆ. ಕೊನೆಯ ದಿನದವರೆಗೆ ಕಾಯಬಾರದು. ಸಾಲು ಉದ್ದವಾಗಿ ಮಾತಿಗೆ ಸಮಯವಿರುವುದಿಲ್ಲ, ಇಳಿಯುವ ದಿನ ಬೆಳಗ್ಗೆ ಮೇಜಿನಲ್ಲಿ ಸಿಬ್ಬಂದಿಯೇ ಇರುವುದಿಲ್ಲ. ಯಾನದ ಎರಡನೆಯ ದಿನವೇ ಹೋದರೆ ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಉತ್ತರ ಸಿಗುತ್ತದೆ, ರಾತ್ರಿ ಯೋಚಿಸಲು ಬಿಡುವೂ ಇರುತ್ತದೆ.

ಹಣ ಕಟ್ಟಿದ ಮೇಲೆ ಮುದ್ರಿತ ಹಾಳೆಯೊಂದನ್ನು ಕೊಡುತ್ತಾರೆ. ಅದರಲ್ಲಿ ಮುಂಗಡ ಮರಳುವಂಥದೋ ಅಲ್ಲವೋ ಎಂಬ ಸಾಲು, ಪೂರ್ಣ ಪಾವತಿಯ ದಿನಾಂಕ, ಕ್ರೆಡಿಟ್ಟಿನ ಮೊತ್ತ, ಬುಕಿಂಗ್ ಯಾವ ಕರೆನ್ಸಿಯಲ್ಲಿದೆ ಎಂಬುದು, ಇವು ನಾಲ್ಕೂ ಮೇಜಿನಲ್ಲಿ ಬಾಯಲ್ಲಿ ಹೇಳಿದಂತೆಯೇ ಇವೆಯೇ ಎಂದು ಎದ್ದೇಳುವ ಮೊದಲೇ ಓದಬೇಕು.

ಆಮೇಲೆ ಹೆಸರು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಹೀಗೆ ಮೂರು ಸೇರಿ, ಮೊದಲೆರಡು ಇನಿಷಿಯಲ್ಲಾಗಿ ಉಳಿದಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿ ಬರೆದಿರಬಹುದು, ಕೆಲವರಿಗೆ ಕುಲನಾಮದ ಜಾಗವೇ ಖಾಲಿ ಇರಬಹುದು. ಹಡಗಿನ ಕಂಪ್ಯೂಟರ್ ಕುಲನಾಮ ಕೇಳದೆ ಮುಂದೆ ಹೋಗುವುದಿಲ್ಲವಾದ್ದರಿಂದ ಅಲ್ಲಿ ಕುಳಿತವರು ತಮಗೆ ತೋಚಿದಂತೆ ಹೆಸರನ್ನು ಒಡೆದು ಹಾಕುತ್ತಾರೆ. ನಮ್ಮ ಹಾಳೆಯಲ್ಲಿ ನನ್ನ ಪತ್ನಿಯ ಹೆಸರಿನ ಜಾಗದಲ್ಲಿ ಅವಳ ತಂದೆಯ ಹೆಸರು ಮುಂದೆ ಬಂದಿತ್ತು. ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟು ಅಕ್ಷರ ಅಕ್ಷರವಾಗಿ ತಿದ್ದಿಸಿ, ಹೊಸ ಹಾಳೆ ಮುದ್ರಿಸಿಕೊಂಡು ಎದ್ದೆವು.